ಅಳುವ ಪುಟದ ತಾತು

ಅಸುನ್ಸಿಯೋನ್ ಪಟ್ಟಣದ ನ್ಯಾ ನಿಮಿಯಾಗೆ, ಎಂದರೆ ನಿಮಿಯಾ ಅಮ್ಮನಿಗೆ, ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತೆಂಟು ವರ್ಷ ಮಕ್ಕಳ ಪುಸ್ತಕಗಳಿಗೆ ಪ್ರಾಣಿಗಳ ಚಿತ್ರ ಬರೆಯುವುದರಲ್ಲೇ ಕಳೆದಿತ್ತು. ಅವಳ ಕ್ರಮ ಒಂದೇ: ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ ತಾನೇ ನಗುವುದು, ತಾನೇ ಸಿಡುಕುವುದು, ತಾನೇ ಬೆಚ್ಚಿಬೀಳುವುದು, ಕಂಡ ಮುಖವನ್ನು ಕಪ್ಪೆಗೋ ಮೊಸಳೆಗೋ ತೊಡಿಸುವುದು. ಅವಳು ಸಿಟ್ಟಿನ ಅಭ್ಯಾಸಕ್ಕೆ ಕೂತರೆ ಬೀದಿನಾಯಿಗಳು ನದಿ ಈಜಿ ಅರ್ಜೆಂಟೀನ ಸೇರುತ್ತಿದ್ದವು. ನಗಲು ಶುರುಮಾಡಿದರೆ ಬಾಲ ಅಲ್ಲಾಡಿಸುತ್ತ ವಾಪಸು.

ಅಲ್ಲಿನ ಕಡುಬೇಸಿಗೆಯಾದ ಜನವರಿಯ ಒಂದು ಮಧ್ಯಾಹ್ನ, ಮಾವಿನಹಣ್ಣು ಮರದಲ್ಲೇ ಕುದಿಯುವಂಥ ಬಿಸಿಲು. ನಿಮಿಯಾ ಇಸ್ತ್ರಿ ಮುಗಿಸಿದವಳೇ ಸೊಪ್ಪು ನೆನೆಸಿದ ಮಂಜುನೀರಿನ ತೆರೆರೆ ಹೀರಿದಳು. ಬೆಳಗಾಗುವಷ್ಟರಲ್ಲಿ ಎಡಗೆನ್ನೆ ಜೋತುಬಿದ್ದಿತ್ತು. ನರದ ಕಾಯಿಲೆ ಎಂದರು ವೈದ್ಯರು. ಬೀದಿ ಒಪ್ಪಲಿಲ್ಲ.

"ಇಸ್ತ್ರಿ ಹಿಡಿದ ಬಿಸಿ ಕೈಲಿ ತಣ್ಣನೆ ತೆರೆರೆ ಮುಟ್ತಾರಾ ಯಾರಾದ್ರೂ?" ಎಂದು ಪಕ್ಕದ ಮನೆಯ ಕ್ರಿಸ್ಪುಲೊ ಗದರಿದ. ಅವನು ಚಿಪ ರೊಟ್ಟಿ ಮಾರುವವನು. "ನಮ್ಮಜ್ಜಿ ಹಂಗೇ ಕುಡಿದು, ಮೂತಿ ಬೆನ್ನಿನ ಕಡೆ ತಿರುಗಿಹೋಯ್ತು. ಸಾಯೋತನಕ ಹಿಂದೆ ಬರೋರನ್ನೇ ಬೈತಿದ್ಳು."

ಏಳು ತಿಂಗಳಾದರೂ ಕೆನ್ನೆ ಏಳಲಿಲ್ಲ. ಆಗ ಪ್ರಕಾಶನದ ಪೆರ್ಲಾ ಹೊಸ ಪುಸ್ತಕಕ್ಕೆ ತಾತು ಕೇಳಿದಳು. ಬೆನ್ನ ಮೇಲೆ ಕವಚ ಹೊತ್ತು ಬಿಲ ತೋಡುವ ಆ ಪುಟ್ಟ ಪ್ರಾಣಿಗೆ ಹನ್ನೆರಡು ಭಾವ ಬೇಕು, ಶುಕ್ರವಾರದೊಳಗೆ. ಇದು ಒಪ್ಪಿಗೆಯಾಗದಿದ್ದರೆ ಇನ್ನು ಯಾವ ಪ್ರಾಣಿಯೂ ತನ್ನ ಮೇಜಿಗೆ ಬಾರದೆಂದು ನಿಮಿಯಾಗೆ ಗೊತ್ತಿತ್ತು.

ಕನ್ನಡಿ ಅರ್ಧ ನಗುವನ್ನಷ್ಟೇ ಕೊಟ್ಟಿತು. ಬಲ ಅರ್ಧವನ್ನು ತೆಳುಕಾಗದದಲ್ಲಿ ಮಗುಚಿ ಎಡಕ್ಕೂ ಇಳಿಸಿದಳು. ತಾತು ಚುನಾವಣೆಗೆ ನಿಂತವನಂತೆ ನಕ್ಕಿತು. ಕೊನೆಗೆ ಕ್ರಿಸ್ಪುಲೊನನ್ನೇ ಎದುರಿಗೆ ಕೂರಿಸಿದಳು.

"ಸ್ವಲ್ಪ ಹೆದರ್ಕೊಳ್ಳಿ."

"ಹೆದರಿದೀನಲ್ಲ!"

"ಎಲ್ಲಿ?"

"ಒಳಗೆ."

"ಹೋಗ್ಲಿ, ಖುಷಿ ತೋರ್ಸಿ."

"ಅದೂ ಒಳಗೇ ಇದೆ, ನ್ಯಾ ನಿಮಿಯಾ. ಮದುವೆ ಆದಮೇಲೆ ಹೊರಗೆ ತೆಗೆದಿಲ್ಲ."

ಶುಕ್ರವಾರ ಪೆರ್ಲಾ ಬಂದು ಹಾಳೆಯ ಹನ್ನೆರಡು ಚಿತ್ರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಈ ನಗು ನೋಡಿದ್ರೆ ತಾತು ಏನೋ ಕದ್ದಿದೆ ಅಂತಾರೆ ಮಕ್ಕಳು. ಸಿಟ್ಟು... ಹಲ್ಲುನೋವಿನ ಥರ ಇದೆ." ಅವಳ ಬೆರಳು ಕೊನೆಯ ಚಿತ್ರದ ಮೇಲೆ ನಿಂತಿತು. "ಇದು ಮಾತ್ರ... ಬಿಲಕ್ಕೆ ನೀರು ನುಗ್ಗಿದಾಗ ಅಳೋದು. ಇಂಥದ್ದು ನೀವು ಹಿಂದೆಂದೂ ಬರೆದಿಲ್ಲ. ಹೇಗೆ ಬರೆದ್ರಿ?"

"ಅದನ್ನ ಬರೀಬೇಕು ಅಂತ ಕೂತಿರ್ಲಿಲ್ಲ, ಮಗಳೇ. ನಗು ಹುಡುಕ್ತಾ ಕೂತಿದ್ದೆ, ಕನ್ನಡೀಲಿ ಇದು ಕಾಣ್ತು."

ಪೆರ್ಲಾ ತಲೆ ತಗ್ಗಿಸಿಯೇ ಹೇಳಿದಳು: "ಇದೊಂದು ಇಟ್ಕೋತೀವಿ. ಮಿಕ್ಕಿದ್ದು ನಮ್ಮ ಆಫೀಸಿನ ಹುಡುಗಿ ಬರೀತಾಳೆ, ನಿಮ್ಮ ಹಳೇ ಪುಸ್ತಕ ನೋಡ್ಕೊಂಡು. ಆ ಮುಖಗಳನ್ನೇ ತಾತುಗೆ ಹಾಕ್ತಾಳೆ."

ನಿಮಿಯಾ ಎದ್ದಳು. ಕಪಾಟಿನಿಂದ ಪುಸ್ತಕಗಳನ್ನು ಇಳಿಸಿ, ನಗು, ಹಟ, ಹೆಮ್ಮೆ, ಬೆರಗು, ಹೀಗೆ ತನ್ನ ಹನ್ನೊಂದು ಮುಖಗಳನ್ನು ಹುಡುಕಿ ಒಂದೊಂದಕ್ಕೂ ಚೀಟಿ ಸಿಕ್ಕಿಸಿದಳು. ನಗುವಿಗೆ ಎರಡು ಪುಟ ಸಿಕ್ಕವು. ಯಾವುದು ಚೆನ್ನಾಗಿದೆ ಎಂದು ತೂಗಿ ನೋಡಿ, ಒಳ್ಳೆಯದನ್ನೇ ಕೊಟ್ಟಳು.

"ಆ ಹುಡುಗಿಗೆ ಹೇಳು. ನಗು ಬರೆಯೋವಾಗ ಕಣ್ಣಿಂದ ಶುರುಮಾಡ್ಬೇಕು, ಬಾಯಿಂದಲ್ಲ."

ಪೆರ್ಲಾ ಅದನ್ನು ಬರೆದುಕೊಂಡು ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ನಿಮಿಯಾ ಕೇಳಿದಳು:

"ಹೆಸರು ಯಾರ್ದು ಹಾಕ್ತೀರಿ?"

"ಇಬ್ಬರದೂ. ರಟ್ಟಿನ ಮೇಲೇ."

"ಬೇಡ. ಅಳೋ ಪುಟದ ಕೆಳಗೆ ಮಾತ್ರ ನಂದು ಹಾಕು. ಚಿಕ್ಕ ಅಕ್ಷರ ಸಾಕು."