ತೂತಿಲ್ಲದ ಜೀರುಂಡೆ

ದೆವ್ವ, ದೃಷ್ಟಿ, ತಾಯಿತ, ಶಕುನ ಇವುಗಳ ಮಾತು ಬಂದರೆ ಎದ್ದು ಕಾಫಿ ಮಾಡಲು ಹೋಗುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ‘ಓಹೋ, ಇವಳೂ ಆ ಪೈಕಿ’ ಎಂದು ನೀವು ಪಕ್ಕಕ್ಕಿಟ್ಟುಬಿಡಬಹುದು. ಊರು ಬಿಟ್ಟು ಬಂದ ಈ ಪರದೇಶದಲ್ಲಿ, ಏರ್‌ಪೋರ್ಟಿನ ಹತ್ತಿರದ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಆಫೀಸಿನಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು, ಅದು ಯಾಕಾಯಿತೆಂದು ಪತ್ತೆ ಮಾಡುವುದು, ಆಮೇಲೆ ಅದೇ ತಪ್ಪನ್ನು ಎಲ್ಲರ ಕಣ್ಣೆದುರು ಇನ್ನೊಮ್ಮೆ ಮಾಡಿ ತೋರಿಸುವುದು. ಇದನ್ನೇ ವರ್ಷಗಟ್ಟಲೆ ಮಾಡಿ, ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬುದು ನನ್ನ ಮೈಗೇ ಹತ್ತಿಬಿಟ್ಟಿದೆ. ಆದರೂ ಆರು ವರ್ಷದ ಹಿಂದೆ ಇದೇ ಊರಿನ ಹೌಗಾಂಗ್ ಬಡಾವಣೆಯ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಗೆ ಇವತ್ತಿಗೂ ನನಗೆ ಕಾರಣ ಸಿಕ್ಕಿಲ್ಲ.

ನನ್ನ ಮಗಳ ಹೆಸರು ಇಂಚರ. ಹಕ್ಕಿಯ ದನಿ ಎಂಬ ಅರ್ಥಕ್ಕೆ ಮನಸೋತು ನಾನೇ ಇಟ್ಟ ಹೆಸರು. ಮೂರೂವರೆ ವರ್ಷವಾದರೂ ಅವಳು ಒಂದು ಮಾತೂ ಆಡಿರಲಿಲ್ಲ. ಕಿವಿ ಸರಿಯಾಗಿದೆ, ಚುರುಕಾಗಿದ್ದಾಳೆ, ಕಾಯೋಣ ಎಂದು ಡಾಕ್ಟರು ಹೇಳಿದ್ದರು. ವಾರಕ್ಕೆರಡು ದಿನ ಸ್ಪೀಚ್ ಥೆರಪಿಗೆ ಹೋಗುತ್ತಿದ್ದೆವು. ಅವಳಲ್ಲಿ ಇದ್ದದ್ದು ಒಂದೇ ದನಿ. ಆಡುವಾಗ, ಉಣ್ಣುವಾಗ, ನಿದ್ದೆ ಬರುವಾಗ ‘ಊಂ’ ಎಂದು ಸಣ್ಣಗೆ ಗುನುಗುತ್ತಿದ್ದಳು. ಅಡುಗೆಮನೆಯಲ್ಲಿ ನಿಂತೇ ಆ ಗುನುಗಿನಿಂದ ಅವಳು ಯಾವ ಮೂಲೆಯಲ್ಲಿದ್ದಾಳೆಂದು ನಾನು ಹೇಳಬಲ್ಲವಳಾಗಿದ್ದೆ. ಪ್ಲೇಗ್ರೌಂಡಿನಲ್ಲಿ ಯಾರಾದರೂ “ನಿಮ್ಮ ಮಗಳು ತುಂಬಾ ಸೈಲೆಂಟ್ ಅಲ್ವಾ” ಎಂದರೆ ನಕ್ಕುಬಿಡುತ್ತಿದ್ದೆ. ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ ಅಳುತ್ತಿದ್ದೆ.

ಆ ವರ್ಷ ಮೈಸೂರಿನಿಂದ ಅತ್ತೆ ಬಂದರು. ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿಯ ಜೊತೆ ಒಂದು ಪುಟ್ಟ ಸಾಣೆಕಲ್ಲು ಮತ್ತು ನಾಲ್ಕು ಬಜೆ ಬೇರು. ಮಾತು ಚೆನ್ನಾಗಿ ಬರಲಿ ಎಂದು ಎಳೆಮಕ್ಕಳ ನಾಲಿಗೆಗೆ ಬಜೆ ತೇದು ಹಚ್ಚುವುದು ನಮ್ಮ ಕಡೆ ಹೊಸದೇನಲ್ಲ. ನನಗೂ ಹಚ್ಚಿದ್ದರಂತೆ, ನನ್ನ ಗಂಡನಿಗೆ ಹಚ್ಚಿದ್ದು ಸ್ವಲ್ಪ ಜಾಸ್ತಿಯೇ ಆಗಿದೆ. ಮೂರೂವರೆ ವರ್ಷದವಳಿಗೆ ಇದೆಲ್ಲ ಯಾಕೆ ಎಂದು ಕೇಳಬೇಕೆನಿಸಿದರೂ ಅತ್ತೆಯ ಮುಖ ನೋಡಿ ಸಾಣೆಕಲ್ಲು ತೊಳೆದು ಕೊಟ್ಟೆ. ಬೆಳಗ್ಗೆ ಅವರು ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಬಜೆ ತೇಯಲು ಕೂತರೆ ‘ಸರ್, ಸರ್’ ಎಂಬ ಸದ್ದು ಮನೆಯೆಲ್ಲ ಕೇಳುತ್ತಿತ್ತು. ಕಹಿಗೆ ಇಂಚರ ಮುಖ ಹಿಂಡುತ್ತಿದ್ದಳು.

ಒಂದು ಸೋಮವಾರ ಮಾರ್ಕೆಟ್ಟಿಗೆ ಹೋದ ಅತ್ತೆ, ಹಳೇ ಸಾಮಾನು ಹರಡಿಕೊಂಡಿದ್ದ ಒಬ್ಬ ಚೀನೀ ಹೆಂಗಸಿನ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡಿ ಒಂದು ಕಲ್ಲು ತಂದರು. ಹೆಬ್ಬೆರಳಿನಷ್ಟು ಉದ್ದ, ಹಸಿರು ಬೆರೆತ ಬೂದಿ ಬಣ್ಣ. ನಾಲ್ಕೈದು ನೇರ ಗೀರುಗಳಲ್ಲೇ ಮೂಡಿಸಿದ ಹುಳ. ಉಬ್ಬಿದ ಎರಡು ಕಣ್ಣು, ಚೂಪಾಗಿ ಮುಗಿಯುವ ರೆಕ್ಕೆ. ಅತ್ತೆ ಅದನ್ನು ಪಚ್ಚೆ ಎಂದುಕೊಂಡಿದ್ದರು. ಅದು ಜೇಡ್, ಇಲ್ಲಿನವರು ಕೈಬಳೆ, ಪದಕ ಮಾಡಿ ಹಾಕಿಕೊಳ್ಳುವ ಕಲ್ಲು.

“ಜೀರುಂಡೆ ಕಣಮ್ಮ ಇದು. ಇಷ್ಟುದ್ದ ಇದ್ರೂ ಊರಿಗೆಲ್ಲಾ ಕೇಳೋ ಹಾಗೆ ಕೂಗುತ್ತಲ್ಲ. ಮಗು ನಾಲಿಗೆಗೆ ಅದರ ಗುಣ ಹತ್ತಲಿ ಅಂತ ತಂದೆ,” ಎಂದರು.

ಮಾರನೆಯ ದಿನದಿಂದ ಬಜೆ ಬೆರಳಲ್ಲಿ ಹಚ್ಚುವುದು ನಿಂತಿತು. ತೊಳೆದ ಜೀರುಂಡೆಯನ್ನು ಜೇನು ಕಲಸಿದ ಬಜೆಯಲ್ಲಿ ಅದ್ದಿ, ದೇವರ ಗೂಡಿನ ಮುಂದೆ ಇಂಚರಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅತ್ತೆ ಅದನ್ನು ಅವಳ ನಾಲಿಗೆಯ ಮೇಲೆ ಒಂದು ಗಳಿಗೆ ಇಟ್ಟು ತೆಗೆಯುತ್ತಿದ್ದರು. ಹುಟ್ಟಿದ ಮಗುವಿಗೆ ಚಿನ್ನದುಂಗುರದಲ್ಲಿ ಜೇನು ನೆಕ್ಕಿಸುವ ಹಾಗೆ. ನನ್ನ ಭಯ ಬೇರೆಯೇ ಇತ್ತು. ಕೈ ಜಾರಿ ಗಂಟಲಿಗೆ ಹೋದರೆ? ನಾಲ್ಕು ದಿನ ಹಲ್ಲು ಕಚ್ಚಿಕೊಂಡೆ. ಐದನೆಯ ದಿನ, ಶನಿವಾರ, ಜಗಳ ಯಾಕೆಂದು ಒಂದು ಉಪಾಯ ಮಾಡಿದೆ. “ಅತ್ತೆ, ಇದಕ್ಕೆ ತೂತು ಹಾಕಿಸಿ ದಾರಕ್ಕೆ ಕಟ್ಟೋಣ. ಇಪ್ಪತ್ನಾಲ್ಕು ಗಂಟೆ ಮೈಮೇಲೇ ಇರುತ್ತಲ್ಲ,” ಎಂದೆ. ಅತ್ತೆಗೆ ಅದು ಒಪ್ಪಿಗೆಯಾಯಿತು.

ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಕೋ ಅಂಕಲ್ ಇದ್ದರು. ಚೀನೀ ಮೂಲದವರು, ಎಪ್ಪತ್ತು ದಾಟಿದವರು, ಒಂಟಿ. ಜೇಡ್ ಕೆತ್ತುವುದು ಅವರ ಜೀವನದ ಕೆಲಸ. ಅಂಗಡಿ ಬಿಟ್ಟ ಮೇಲೂ ಕಾರಿಡಾರಿನ ಕಿಟಕಿಗೆ ಹತ್ತಿದ ಒಂದು ಮೇಜಿನಲ್ಲಿ ಹಳೇ ಗಿರಾಕಿಗಳಿಗೆ ಸಣ್ಣಪುಟ್ಟದ್ದು ಮಾಡಿಕೊಡುತ್ತಿದ್ದರು. ಕೆತ್ತುವುದು ಎಂದು ಬಾಯಲ್ಲಿ ಹೇಳಿದರೂ ಜೇಡ್ ಕಲ್ಲನ್ನು ನಿಜಕ್ಕೂ ಯಾರೂ ಉಳಿಯಲ್ಲಿ ಕೆತ್ತುವುದಿಲ್ಲ ಎಂದು ನನಗೆ ಹೇಳಿಕೊಟ್ಟದ್ದು ಅವರೇ. ಉಕ್ಕಿಗೂ ಜಗ್ಗದ ಕಲ್ಲು ಅದು. ಅದಕ್ಕಿಂತ ಗಟ್ಟಿಯಾದ ಮರಳನ್ನು ನೀರಿನಲ್ಲಿ ಕಲಸಿ ಉಜ್ಜಿ ಉಜ್ಜಿ ಸವೆಸಬೇಕು. ಹಿಂದಿನವರಿಗೆ ಒಂದು ತೂತಿಗೆ ದಿನಗಟ್ಟಲೆ ಹಿಡಿಯುತ್ತಿತ್ತಂತೆ, ಒಂದು ಕಡೆಯಿಂದ ಅರ್ಧ, ಇನ್ನೊಂದು ಕಡೆಯಿಂದ ಅರ್ಧ. ಈಗ ವಜ್ರದ ಪುಡಿ ಹಚ್ಚಿದ ಸೂಜಿ ಇದೆ, ನೀರು ಮಾತ್ರ ಈಗಲೂ ಬೇಕು. ಅವರು ಕೈಯಲ್ಲೇ ಪಾಲಿಶ್ ಮಾಡುವಾಗ ಬರುವ ಸದ್ದಿಗೂ ಅತ್ತೆ ಬಜೆ ತೇಯುವ ಸದ್ದಿಗೂ ವ್ಯತ್ಯಾಸವಿರಲಿಲ್ಲ. ಮೇಜಿನ ಮೇಲೆ ಆವತ್ತು ಜೇಡಿನಲ್ಲೇ ಮಾಡಿದ, ದೀರ್ಘಾಯುಸ್ಸಿಗೆಂದು ಧರಿಸುವ ಪೀಚ್ ಹಣ್ಣು, ಮಕ್ಕಳ ಕೊರಳಿಗೆ ಕಟ್ಟುವ ಪುಟ್ಟ ಬೀಗ ಇದ್ದವು. ಮಗುವಿನ ಜೀವ ಜಾರಿಹೋಗದಿರಲಿ ಎಂದು ಬೀಗ. ನಮ್ಮ ಉಡಿದಾರದ ಹಾಗೆಯೇ ಎಂದು ನಾನು ಹೇಳಿದ್ದಕ್ಕೆ ಅವರು ಖುಷಿಪಟ್ಟರು.

ಜೀರುಂಡೆಯನ್ನು ಕೈಗಿಟ್ಟಾಗ ಆ ಖುಷಿ ಹೋಯಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಟಾರ್ಚಿನ ಮೇಲೆ ಹಿಡಿದು ಬೆಳಕು ಹಾಯಿಸಿದರು. ಇದನ್ನು ಎಲ್ಲಿಟ್ಟುಕೊಂಡಿದ್ದಿರಿ ಎಂದು ಕೇಳಿದರು. ನಾಲಿಗೆಯ ವಿಷಯ ಹೇಳಿದೆ. ಅವರು ಭೂತಗನ್ನಡಿ ತೆಗೆದು, ಕಲ್ಲನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. ಅವರ ಇಂಗ್ಲಿಷಿನಲ್ಲಿ ಅವರು ಆಮೇಲೆ ಹೇಳಿದ್ದರ ಸಾರ ಇಷ್ಟು. ಜೀರುಂಡೆ ವರ್ಷಗಟ್ಟಲೆ ಮಣ್ಣೊಳಗಿದ್ದು ಒಂದು ದಿನ ಎದ್ದು ಬಂದು, ಚಿಪ್ಪು ಕಳಚಿ ಹಾರಿಹೋಗುತ್ತದೆ. ಸತ್ತವರೂ ಹಾಗೆ ಎದ್ದು ಹೋಗಲಿ ಎಂದು ಪುರಾತನ ಕಾಲದಲ್ಲಿ ಜೇಡಿನ ಜೀರುಂಡೆಯನ್ನು ಹೆಣದ ನಾಲಿಗೆಯ ಮೇಲಿಟ್ಟು ಹೂಳುತ್ತಿದ್ದರು. ಬದುಕಿರುವವರು ಧರಿಸುವ ಜೀರುಂಡೆಗೆ ಕಣ್ಣುಗಳ ನಡುವೆ ದಾರಕ್ಕೆ ತೂತಿರುತ್ತದೆ. ನಾಲಿಗೆಯ ಮೇಲಿಡುವುದಕ್ಕೆ ತೂತು ಇರುವುದಿಲ್ಲ.

“ಎಲ್ಲಾ ಕಡೆ ನಕಲಿ ಸಿಗುತ್ತೆ. ಇದೂ ನಕಲಿ ಇರಬಹುದು. ಆದ್ರೂ ನಾನು ಮುಟ್ಟಲ್ಲ,” ಎಂದು ಅದನ್ನು ಹಿಂದಕ್ಕೆ ಕೊಟ್ಟರು.

ಬರಿಗೈಯಲ್ಲಿ ಮುಟ್ಟದೆ ಅದನ್ನು ಟಿಶ್ಯೂವಿನಲ್ಲಿ ಸುತ್ತಿಕೊಂಡೆ, ನಿಜ. ಆದರೆ ಅದು ಅಸಹ್ಯವೇ ಹೊರತು ಭಯವಲ್ಲ. ಮನೆಗೆ ಬಂದು, ಊರೂರು ಸುತ್ತುವ ಕೆಲಸದಲ್ಲಿ ಆ ವಾರ ಜಕಾರ್ತಾದಲ್ಲಿದ್ದ ಗಂಡನಿಗೆ ಕಳಿಸಲು ಜೀರುಂಡೆಯ ಫೋಟೋ ತೆಗೆದೆ, ಹಿಂದೆ ಮುಂದೆ ಎರಡೂ ಕಡೆ. ನಂತರ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೇಲಿಟ್ಟೆ. ಅತ್ತೆಗೆ ಏನೂ ಹೇಳಲಿಲ್ಲ.

ಆ ಮಧ್ಯಾಹ್ನ ಇಂಚರಳಿಗೆ ಜ್ವರ ಬಂತು. ಭಾನುವಾರ ಬೆಳಗ್ಗೆ ಅವಳ ಗುನುಗು ನಿಂತಿತ್ತು. ಗುನುಗಷ್ಟೇ ಅಲ್ಲ, ಅಳುವಿಗೂ ದನಿಯಿರಲಿಲ್ಲ. ಬಾಯಿ ತೆರೆಯುತ್ತಿದ್ದಳು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ, ಗಂಟಲು ಊದಿದೆ, ಉಸಿರಾಟಕ್ಕೆ ತೊಂದರೆಯಿಲ್ಲ, ದನಿ ವಾಪಸ್ ಬರುತ್ತದೆ ಎಂದರು. ಅದು ಸರಿಯಾದ ಮಾತೇ. ಆದರೆ ಇದ್ದ ಒಂದು ದನಿಯನ್ನೂ ಕಳಕೊಂಡು ಮಲಗಿರುವ ಮಗುವಿನ ಪಕ್ಕ ಕೂತವಳಿಗೆ ಸರಿಯಾದ ಮಾತು ಸಾಲದು. ತಡೆಯಲಾರದೆ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತು. ಅವರು ಸಾಣೆಕಲ್ಲನ್ನೂ ಉಳಿದ ಬಜೆಯನ್ನೂ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿ ಬೀಗ ಹಾಕಿದರು. “ನನ್ನ ಕೈಯಾರೆ ಮಾಡ್ದೆನಲ್ಲಮ್ಮ,” ಎಂದವರು ಆವತ್ತು ಅನ್ನ ಮುಟ್ಟಲಿಲ್ಲ.

ಸೋಮವಾರ ಸಂಜೆಯೂ ಹಾಗೇ ಇತ್ತು. ಮಗುವನ್ನು ಎತ್ತಿಕೊಂಡು, ಡಬ್ಬಿ ಹಿಡಿದುಕೊಂಡು ಕೋ ಅಂಕಲ್ ಬಾಗಿಲಿಗೆ ಹೋದೆ. ಟೆಸ್ಟಿಂಗಿನವಳ ತರ್ಕ ನನ್ನದು. “ತೂತಿದ್ರೆ ಬದುಕಿರೋರದ್ದು ಅಂತ ನೀವೇ ಹೇಳಿದ್ರಿ ಅಂಕಲ್. ಹಾಗಿದ್ರೆ ತೂತು ಹಾಕಿ. ಬದುಕಿರೋರದ್ದು ಮಾಡಿಬಿಡಿ,” ಎಂದೆ. ಹೇಳುವಾಗ ನಾಚಿಕೆಯಾಯಿತು, ಆದರೂ ಹೇಳಿದೆ. ಅವರು ಬೇಡವೆನ್ನಲು ಕೈ ಎತ್ತಿದರು. ಅಷ್ಟರಲ್ಲಿ ಇಂಚರ ಸದ್ದಿಲ್ಲದೆ ಅತ್ತಳು. ಆ ಕೈ ಕೆಳಗಿಳಿಯಿತು. ಸಂಜೆ ಹೊತ್ತಿಗೆ ಕಣ್ಣು ಮಂಜಾಗುತ್ತದೆ, ನಾಳೆ ಬೆಳಕಿನಲ್ಲಿ ಪ್ರಯತ್ನಿಸುತ್ತೇನೆ, ಬಾ ಎಂದರು.

ಡಬ್ಬಿ ಅತ್ತೆಯ ಕಣ್ಣಿಗೆ ಬೀಳದಿರಲಿ ಎಂದು ನನ್ನ ದಿಂಬಿನ ಕೆಳಗೇ ಇಟ್ಟುಕೊಂಡು ಮಗುವಿನ ಪಕ್ಕ ಮಲಗಿದೆ. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಆವತ್ತು ಮಾತ್ರ ಕೊರಡಿನ ಹಾಗೆ ನಿದ್ದೆ ಹೋದೆ. ಅದನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ.

ಎಚ್ಚರವಾದಾಗ ಚೆನ್ನಾಗಿ ಬೆಳಕಾಗಿತ್ತು. ಕಣ್ಣು ಬಿಡುವ ಮೊದಲೇ ಕೇಳಿದ್ದು ‘ಊಂ’ ಎಂಬ ಗುನುಗು. ನಾನು ಅಲ್ಲಾಡದೆ ಹಾಗೇ ಮಲಗಿ ಕೇಳಿದೆ. ಅಷ್ಟು ಹಗುರವಾಗಿ ನಾನು ಹಿಂದೆಂದೂ ಉಸಿರಾಡಿರಲಿಲ್ಲ. ಹಣೆ ಮುಟ್ಟಿ ನೋಡಿದರೆ ತಣ್ಣಗಿತ್ತು. ನಾನು ಕರೆದ ದನಿಗೆ ಹೆದರಿದ ಅತ್ತೆ ಗಂಟಲಿಗೆಂದು ಚಮಚದಲ್ಲಿ ಜೇನು ಹಾಕಿಕೊಂಡು ಓಡಿಬಂದರು. ಚಮಚ ನೋಡಿದ್ದೇ ಇಂಚರ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ಹೇಳಿದಳು.

“ಅಜ್ಜಿ, ಬಜೆ ಬೇಡ.”

ನನ್ನ ಮಗಳು ಆಡಿದ ಮೊದಲ ಮಾತು ಅದು. ಅತ್ತೆ ಚಮಚ ಹಿಡಿದುಕೊಂಡೇ ನೆಲದ ಮೇಲೆ ಕೂತರು. “ಬೇಡ ಕಂದ, ಬೇಡ, ಇನ್ನು ಯಾವತ್ತೂ ಬೇಡ,” ಎನ್ನುತ್ತ ಅವರು ಅತ್ತರು, ನಾನು ನಕ್ಕೆ, ಆಮೇಲೆ ನನಗೂ ಅಳು ಬಂತು. ಹನಿ ಹನಿ ಜೇನು ಚಾಪೆಗೆಲ್ಲ ಬಿತ್ತು.

ಹತ್ತು ಗಂಟೆಗೆ, ಇನ್ನು ತೂತು ಬೇಕಾಗಿಲ್ಲ ಎಂದು ಹೇಳಲು ಅಂಕಲ್ ಮನೆಗೆ ಹೋದೆ. ಅವರು ಮೇಜು ಒರೆಸಿ, ಬಟ್ಟಲಲ್ಲಿ ನೀರಿಟ್ಟು ಕಾಯುತ್ತಿದ್ದರು. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ತೆರೆದವರು ನನ್ನ ಕಡೆ ಸ್ವಲ್ಪ ಬೇಸರದಿಂದ ನೋಡಿದರು. ಯಾರ ಹತ್ತಿರ ಮಾಡಿಸಿದೆ ಎಂದು ಕೇಳಿದರು.

ಜೀರುಂಡೆಯ ಕಣ್ಣುಗಳ ನಡುವೆ ತೂತಿತ್ತು.

ಅವರು ಭೂತಗನ್ನಡಿ ಹಾಕಿಕೊಂಡು ನೋಡಿ, ನನಗೂ ಕೊಟ್ಟು ತೋರಿಸಿದರು. ತೂತು ಎರಡು ಕಡೆಯಿಂದ ಕೊರೆದದ್ದು. ನಡುವೆ ಎರಡೂ ಸೇರುವಲ್ಲಿ ಕೂದಲೆಳೆಯಷ್ಟು ಹೊಂದದೆ ಒಂದು ಮೆಟ್ಟಿಲು ಉಳಿದಿತ್ತು. ಮಷಿನ್ನಿನಲ್ಲಿ ಹೀಗಾಗುವುದಿಲ್ಲ, ಇದು ಮರಳಿನ ಕೆಲಸ ಎಂದರು. ಇನ್ನೊಂದು ಇತ್ತು. ತೂತಿನ ಮೇಲಿನ ಅಂಚು ಒಂದೇ ಕಡೆ ಸವೆದು ನುಣ್ಣಗಾಗಿತ್ತು. ವರ್ಷಗಟ್ಟಲೆ ದಾರಕ್ಕೆ ಕಟ್ಟಿ ಯಾರೋ ಧರಿಸಿದರೆ ಹಾಗಾಗುತ್ತದಂತೆ. ಡಬ್ಬಿಯಲ್ಲಿ ಒಂದು ಕಣ ಪುಡಿಯೂ ಇರಲಿಲ್ಲ.

ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನು ಕೇಳಿಕೊಂಡಿದ್ದೇನೆ. ತೂತು ಮೊದಲೇ ಇದ್ದು, ಯಾರೋ ಮೇಣ ಮಣ್ಣು ತುಂಬಿ ಮುಚ್ಚಿರಬಹುದು, ಅತ್ತೆಯ ಜೇನು, ಬಿಸಿನೀರಿಗೆ ಅದು ಸಡಿಲವಾಗಿ ಆಮೇಲೆ ಉದುರಿರಬಹುದು. ಹಾಗಾದರೆ ಮೇಣ ಡಬ್ಬಿಯಲ್ಲಿ ಇರಬೇಕಿತ್ತು. ಶನಿವಾರ ಅಂಕಲ್ ಹಾಯಿಸಿದ ಬೆಳಕು ಅಲ್ಲಿ ತಡೆದು ಕಪ್ಪು ಚುಕ್ಕೆ ಕಾಣಬೇಕಿತ್ತು. ನನ್ನ ಫೋಟೋದಲ್ಲಿ, ಎಷ್ಟು ದೊಡ್ಡದು ಮಾಡಿ ನೋಡಿದರೂ, ಕಣ್ಣುಗಳ ನಡುವೆ ಕಲ್ಲಿನ ಬಿಳಿ ಎಳೆಯೊಂದು ಕಡಿಯದೆ ಹಾದುಹೋಗಿದೆ. ಮಗುವಿನ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಆರು ತಿಂಗಳು ಬೆವರು ಸುರಿಸಿದ ಥೆರಪಿಸ್ಟ್ ಆಂಟಿಗೆ ಆ ಪುಣ್ಯ ಸಲ್ಲಬೇಕು. ನನಗೆ ಲೆಕ್ಕಕ್ಕೆ ಸಿಗದಿರುವುದು ಆ ತೂತು ಒಂದೇ.

ಅಂಕಲ್ ಅದಕ್ಕೆ ಕೆಂಪು ದಾರ ಹೆಣೆದು ಕೊಟ್ಟರು. ಕೊರಳಿಗೆ ಕಟ್ಟಲು ನನಗೆ ಇಂಚರಳಿಗಿಂತ ಹೆಚ್ಚು ಧೈರ್ಯ ಬೇಕಾಯಿತು. ಈಗ ಅವಳಿಗೆ ಒಂಬತ್ತೂವರೆ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚುವುದಿಲ್ಲ. “ಅಮ್ಮ, ಹೋಮ್‌ವರ್ಕ್ ಆಮೇಲೆ ಮಾಡ್ತೀನಿ ಲಾ,” ಎಂದು ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಎಳೆದು, ಜೀರುಂಡೆಯನ್ನು ಬೆರಳಲ್ಲಿ ತಿರುಗಿಸುತ್ತ ವಾದಿಸುತ್ತಾಳೆ.

ಹೋದ ತಿಂಗಳು ಮೈಸೂರಿಗೆ ವೀಡಿಯೋ ಕಾಲ್ ಮಾಡಿದ್ದಾಗ ಮಾತು ಆ ಜ್ವರದ ಕಡೆ ತಿರುಗಿತು. ಇಂಚರ ತಟ್ಟನೆ, “ನಂಗೆ ನೆನಪಿದೆ. ನಾನು ಬಜೆ ಬೇಡ ಅಂದ್ನಲ್ಲ, ಅದರ ಹಿಂದಿನ ರಾತ್ರಿಯೆಲ್ಲಾ ಅಜ್ಜಿ ತೇಯ್ತಾನೇ ಇದ್ರು. ಸರ್, ಸರ್ ಅಂತ. ಬೆಳಗ್ಗೆ ತಿನ್ನಿಸ್ತಾರೆ ಅಂತ ನಂಗೆ ಭಯ ಆಗಿತ್ತು,” ಎಂದಳು.

ಮೂರೂವರೆ ವರ್ಷದ ಮಗುವಿನ ನೆನಪನ್ನು ಎಷ್ಟು ನಂಬಬೇಕೋ ನನಗೆ ಗೊತ್ತಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಸಾಣೆಕಲ್ಲು ಸೂಟ್‌ಕೇಸಿನಲ್ಲಿ ಬೀಗದೊಳಗಿತ್ತೆಂದೂ, ಜೇಡ್ ಉಜ್ಜಿದರೂ ಅದೇ ಸದ್ದು ಬರುತ್ತದೆಂದೂ ಇಬ್ಬರಿಗೂ ಗೊತ್ತು. ಅತ್ತೆ ಎರಡೂ ಕೈ ಜೋಡಿಸಿದರು.

“ನಾನಲ್ಲ ಪುಟ್ಟ. ಯಾರೇ ತೇದಿರಲಿ, ಅವರ ಮಕ್ಕಳು ಮರಿ ತಣ್ಣಗಿರಲಿ,” ಎಂದರು.

ಕಾರಣ ಕೇಳುವವಳಾದ ನಾನೂ ಆವತ್ತು ಹೂಂ ಎಂದೆ.