ಇಳಿಜಾರಿನಲ್ಲಿ ಇಳಿಯದ ಗೆರೆ

ನಮಗೆ ಪಾಠ ಹೇಳುತ್ತಿದ್ದ ಅಕ್ಕೋರ ಬಲಗೈ ಕಿರುಬೆರಳಿನ ಅಂಚು ಸದಾ ಪೆನ್ಸಿಲ್ ತಿಕ್ಕಿ ಬೂದುಬಣ್ಣಕ್ಕಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಕಲೆ. ಸಪ್ತಾಪುರದ ಅವರ ಮನೆಯ ಪಡಸಾಲೆಯಲ್ಲಿ ನಮಗೆ ಭೌತಶಾಸ್ತ್ರದ ಪಾಠ. ನಾನು ಬೈರಿದೇವರಕೊಪ್ಪದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ.

ಮೊದಲ ವಾರವೇ, "ಇವತ್ತ ನೀ ಬಂದ ಬಸ್ಸಿನ ಗ್ರಾಫ್ ತಗಿ. ಅಡ್ಡಕ್ಕ ಹೊತ್ತು, ಮ್ಯಾಲಕ್ಕ ಮನಿಯಿಂದ ಬಂದ ದೂರ" ಎಂದರು. ನಾನೋ ಮಹಾ ಜಾಣೆ! ರಸ್ತೆ ಏರಿದಲ್ಲಿ ಗೆರೆ ಏರಿಸಿದೆ, ಇಳಿದಲ್ಲಿ ಇಳಿಸಿದೆ.

"ಅಯ್ಯ ನಮ್ಮವ್ವಾ, ಇಳಿಜಾರದಾಗ ನಿಮ್ಮ ಬಸ್ಸು ತಿರುಗಿ ಮನೀಕಡೆ ಹೊಂಟಿತ್ತೇನ?"

"ಇಲ್ರಿ ಅಕ್ಕೋರ, ಮುಂದನ ಬಂತ್ರಿ."

"ಮತ್ತ ದೂರ ಹೆಂಗ ಕಡಿಮಿ ಆತು? ನೀ ರಸ್ತೇದ ಚಿತ್ರಾ ತಗದೀ."

ಬಯ್ಯಲಿಲ್ಲ. ಮರುದಿನ ನಮ್ಮೂರಿಗೇ ಬಂದು ನನ್ನ ಜೊತೆ ಬಸ್ಸು ಹತ್ತಿದರು! ಕಿಲೋಮೀಟರ್ ಕಲ್ಲು ಕಂಡಾಗಲೆಲ್ಲ ಗಡಿಯಾರ ನೋಡಿ ಚುಕ್ಕೆ ಇಡುವುದು. ಕಂಡಕ್ಟರ್ ಗಾಬರಿಯಾಗಿ, "ಏನ್ ಬರ್ಯಾಕತ್ತೀರಿ ಅಕ್ಕೋರ?" ಎಂದ. "ನಿನ್ನ ಬಸ್ಸಿನ ಹಣೆಬರಾನೋ ತಮ್ಮಾ!" ಬಸ್ಸು ನಿಂತಾಗ ನನ್ನತ್ತ ತಿರುಗಿ, "ನೋಡಿಲ್ಲೆ, ಬಸ್ ನಿಂತೈತಿ, ಹೊತ್ತು ನಿಂತಿಲ್ಲ. ಗೆರಿ ಸಪಾಟ ಹೊಂಟೈತಿ" ಎಂದರು. ನಾನು ಇಂದು ಕಾಲೇಜಿನಲ್ಲಿ ಪಾಠ ಹೇಳುತ್ತಿರುವುದು ಆ ಒಂದು ಪ್ರಯಾಣದಿಂದಲೇ.

ಎಷ್ಟೋ ವರ್ಷಗಳ ನಂತರ ಅಕ್ಕೋರು ಸೊರಗತೊಡಗಿದರು. "ವಯಸ್ಸಾತಲ್ಲ" ಎನ್ನುತ್ತ ದವಾಖಾನೆಗೆ ಹೋಗಲು ಒಪ್ಪುತ್ತಿರಲಿಲ್ಲ. ಆದರೂ ವಾರವಾರ ತೂಕ ನೋಡಿ ವಹಿಯಲ್ಲಿ ಬರೆದಿಡುತ್ತಿದ್ದರು. ಕಣ್ಣು ಮಂಜಾದ್ದರಿಂದ ಗ್ರಾಫ್ ತೆಗೆಯಲು ನನಗೆ ಹೇಳಿದರು. ಐವತ್ತೆಂಟು ಕೆಜಿ ಐವತ್ತೊಂದಾಗಿತ್ತು. ಅವರನ್ನು ಹೆದರಿಸಲು ಮನಸ್ಸಾಗದೆ, ಸೊನ್ನೆಯಿಂದ ನೂರರವರೆಗೆ ಪ್ರಮಾಣ ಹಿಡಿದು ಗೆರೆ ಎಳೆದೆ. ಇಳಿದದ್ದು ಕಾಣುವಂತೆಯೇ ಇರಲಿಲ್ಲ.

ಅಕ್ಕೋರು ಭೂತಗನ್ನಡಿ ಹಿಡಿದು ನೋಡಿದರು. "ಸೊನ್ನಿ ಕೆಜಿ ಮನಶಾರನ್ನ ಎಲ್ಲಿ ನೋಡಿದ್ಯವಾ ನೀ?"

ನಾನು ಆ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಹೋದರೆ ಅವರು ಕೊಡಲಿಲ್ಲ.

"ನಲವತ್ತೈದರಿಂದ ಸುರು ಮಾಡಿ ಇನ್ನೊಮ್ಮೆ ತಗಿ. ಅಂಜಿದ್ರ ಅಂಜತೇನಿ."

ಈ ಸಲ ಗೆರೆ ಜಾರುಬಂಡಿಯಂತೆ ಇಳಿಯಿತು. ಅಕ್ಕೋರು ಅದರ ಮೇಲೆ ಮೇಲಿಂದ ಕೆಳಗೆ ಬೆರಳು ಎಳೆದು, "ನಾಳೆ ದವಾಖಾನಿಗೆ ಹೋಗೂಣು" ಎಂದರು. ಔಷಧಿ ಹಿಡಿಯಿತು. ಇನ್ನೂ ಎರಡು ವರ್ಷ ನಮ್ಮೊಂದಿಗೆ ಇದ್ದರು.

ಅವರು ತೀರಿಕೊಂಡ ಮೇಲೆ ಅವರ ತಂಗಿ ಆ ವಹಿಯನ್ನು ನನ್ನ ಕೈಗಿತ್ತರು. ದವಾಖಾನೆಗೆ ಹೋದ ವಾರದಿಂದ ಮುಂದೆ, ಅಕ್ಕೋರೇ ಭೂತಗನ್ನಡಿ ಹಿಡಿದು ಎಳೆದ ಗೆರೆ, ಪುಟದಿಂದ ಪುಟಕ್ಕೆ ಸಪಾಟಾಗಿ ಹೊರಟಿತ್ತು. ಮೊದಲ ಪುಟದಲ್ಲಿ ನನ್ನ ಆ ಸುಳ್ಳು ಹಾಳೆಯನ್ನೂ ಅಂಟಿಸಿಟ್ಟಿದ್ದರು. ಅದರ ಕೆಳಗೆ, ಹಿಂದೆ ನಮ್ಮ ಉತ್ತರ ತಿದ್ದುತ್ತಿದ್ದ ಹಾಗೆಯೇ, ಪೆನ್ಸಿಲಿನಲ್ಲಿ ಬರೆದಿತ್ತು: "ಪ್ರಮಾಣ ತಪ್ಪು. ಪ್ರೀತಿ ಬಹಳ."