ಪಾತ್ರೆಯಮ್ಮನ ಒಂದು ವಾರ

ಸೀರೆ ಕೈಗೆ ಬಂದರೆ ಸಾಕು, ಪಾತ್ರೆಯಮ್ಮ ಮೊದಲು ಅದರೊಳಗೆ ತಲೆ ತೂರಿಸುತ್ತಿದ್ದರು. ಬಿಸಿಲಿಗೆ ಮುಖ ಮಾಡಿ ನಿಂತು, ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಮೊಳ ಮೊಳವಾಗಿ ಸರಿಸುತ್ತ ಹೋಗುವಾಗ ಹೊರಗೆ ಕಾಣುತ್ತಿದ್ದದ್ದು ಸವೆದ ಕಾಲುಂಗುರದ ಎರಡು ಪಾದಗಳು ಮಾತ್ರ. ತೂತು ಸಿಕ್ಕರೆ ಒಳಗಿಂದಲೇ "ಹೂಂ" ಎನ್ನುತ್ತಿದ್ದರು.

ಶಿರಾ ಸುತ್ತಲಿನ ಹಳ್ಳಿಗಳಲ್ಲಿ ಹಳೇ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದವರು. ಎಲ್ಲರ ಬಾಯಲ್ಲೂ ಪಾತ್ರೆಯಮ್ಮ. ಬಸ್ಸಿಳಿದು ಬಂದು ನಮ್ಮ ಮನೆಯ ಜಗಲಿಯ ಮೇಲೆ ಗಂಟು ಬಿಚ್ಚುವುದು, ನಾನು ಕೊಟ್ಟ ಟೀ ಕುಡಿಯುವುದು, ಸಕ್ಕರೆ ಸಾಲದು ಎಂದು ಬೈಯುವುದು ಅವರ ವಾಡಿಕೆ.

ನಾನಾಗ ಫೋನಿನಲ್ಲಿ ಹೊಸ ಸೀರೆ ಮಾರಲು ಹೊರಟಿದ್ದೆ. ನಮ್ಮ ಬೀದಿಯಲ್ಲೇ ನಾಲ್ಕು ಜನ ಅದೇ ಸೀರೆಯ ಅದೇ ಫೋಟೊ ಕಳಿಸುತ್ತಿದ್ದರು. ಕೊಳ್ಳುವವರು ಯಾರೂ ಇಲ್ಲದೆ ನಾವು ನಾವೇ ಒಬ್ಬರ ಫೋಟೊಗೆ ಒಬ್ಬರು ಹೆಬ್ಬೆಟ್ಟಿನ ಲೈಕ್ ಒತ್ತಿಕೊಂಡು ಸಮಾಧಾನಪಡುತ್ತಿದ್ದೆವು. ಒಂದು ದಿನ ಪಾತ್ರೆಯಮ್ಮನ ಗಂಟಿನಲ್ಲಿ ನವಿಲು ಬಣ್ಣದ ಹಳೇ ರೇಷ್ಮೆ ಕಂಡಿತು. ಫೋಟೊ ಹಾಕಿದೆ. ಸಂಜೆಯೊಳಗೆ ಮೂವರು ಕೇಳಿದರು.

"ಸಂತೇಲಿ ಇದನ್ನ ಮೂಸಿ ನೋಡೋರಿಲ್ಲ, ಫೋನಲ್ಲಿ ಕಿತ್ತಾಡ್ತವ್ರಲ್ಲ" ಎಂದು ಅವರು ನಕ್ಕರು. ಅಲ್ಲಿಂದ ಗಂಟು ಅವರದು, ಫೋನು ನನ್ನದು.

ಅವರದು ಎರಡು ಹಟ. ಫೋಟೊ ತೆಗೆಯುವಾಗ, "ಸೆರಗು ಆಮೇಲೆ ತೋರ್ಸುವಂತೆ, ಮೊದ್ಲು ತೂತು ತೋರ್ಸು" ಎನ್ನುವುದು ಒಂದು. ಇನ್ನೊಂದು, ತಂದ ಸೀರೆಯನ್ನು ಒಂದು ವಾರ ಯಾರಿಗೂ ಕಳಿಸಬಾರದು. "ಕೊಟ್ಟೋಳು ಮನೇಲಿ ಕುಂತ್ಕಂಡು ಅದನ್ನೇ ಯೋಚ್ನೆ ಮಾಡ್ತಿರ್ತಾಳೆ ಕಣಮ್ಮ. ವಾಪಸ್ ಬೇಕು ಅಂದ್ರೆ ಎಲ್ಲಿಂದ ತಂದ್ಕೊಡ್ತೀಯ?"

ಈ ಒಂದು ವಾರ ಕಾಯುವ ಹಟಕ್ಕೆ ನಾವಿಬ್ಬರೂ ಒಮ್ಮೆ ಮಾತು ಬಿಟ್ಟದ್ದುಂಟು. ತಾವರೆಕೆರೆಯ ಸೊಸೆಯೊಬ್ಬಳು ಇಡ್ಲಿ ಪಾತ್ರೆಗೆ ಕೊಟ್ಟಿದ್ದ ಕುಂಕುಮ ಬಣ್ಣದ ರೇಷ್ಮೆ ಸೀರೆ. ಮೈಸೂರಿನ ಟೀಚರೊಬ್ಬರು ಮಗಳ ಸೀಮಂತಕ್ಕೆ ಅದೇ ಬೇಕೆಂದರು. ಹಿಡಿಸಿದರೆ ತಮ್ಮ ಟೀಚರುಗಳ ಗುಂಪಿಗೆಲ್ಲ ನನ್ನ ನಂಬರು ಕೊಡುವುದಾಗಿಯೂ ಹೇಳಿದರು. ಅಲ್ಲಿಯವರೆಗೆ ನಮ್ಮದು ಬೆರಳೆಣಿಕೆಯ ವ್ಯಾಪಾರ. ಆ ಗುಂಪು ಸಿಕ್ಕರೆ ನಿಲ್ಲುತ್ತೇವೆ, ಇಲ್ಲದಿದ್ದರೆ ಮುಚ್ಚಬೇಕು. ಸೀಮಂತವೋ ವಾರದೊಳಗೇ ಇತ್ತು. ನಾನು ಪಾರ್ಸೆಲ್ ಕಟ್ಟಿದೆ. ಪಾತ್ರೆಯಮ್ಮ ಬಂದು ಅದರ ಮೇಲೆ ಕುಳಿತುಬಿಟ್ಟರು, ನಿಜವಾಗಿಯೂ ಅದರ ಮೇಲೆಯೇ.

"ಟೀಚರಮ್ಮ ಕೈತಪ್ಪಿ ಹೋಗ್ತಾರೆ" ಎಂದೆ.

"ಹೋದ್ರೆ ಹೋಗ್ಲಿ ಬುಡು. ನಾಳೆ ನಾನು ತಾವರೆಕೆರೆಗೆ ಯಾವ ಮುಖ ಇಟ್ಕಂಡು ಹೋಗ್ಲಿ?"

ಸಿಟ್ಟಿಗೆ ನಾನು ಟೀ ಕೊಡುವುದನ್ನೇ ನಿಲ್ಲಿಸಿದೆ. ಅವರು ಕೇಳಲೂ ಇಲ್ಲ, ಜಗಲಿ ಬಿಟ್ಟು ಏಳಲೂ ಇಲ್ಲ. ವಾರ ತುಂಬುವ ಮುನ್ನವೇ ಒಂದು ಮಧ್ಯಾಹ್ನ ಆ ಸೊಸೆ ಇಡ್ಲಿ ಪಾತ್ರೆ ಹಿಡಿದು, ಮನೆ ಕೇಳಿಕೊಂಡು ಅಳುತ್ತ ಬಂದಳು. ಬೀರುವಿನ ತಳದಲ್ಲಿದ್ದ ಅದು ಅತ್ತೆಯ ಧಾರೆ ಸೀರೆಯಂತೆ, ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಊಟ ಬಿಟ್ಟು ಮಲಗಿದ್ದಾರಂತೆ. ಪಾತ್ರೆಯಮ್ಮ ಸೀರೆಯನ್ನು ಅವಳ ಮಡಿಲಿಗೆ ಹಾಕಿದರು. ಅವಳು ಪಾತ್ರೆ ಮುಂದಿಟ್ಟಾಗ, "ಇದ್ರಲ್ಲಿ ಇಡ್ಲಿ ಬೇಯ್ಸಿದ್ದೀಯಲ್ಲ, ನಂಗ್ಯಾಕೆ? ತಗಂಡೋಗು, ನಿಮ್ಮತ್ತೆಗೆ ಬಿಸಿಬಿಸಿ ಎರಡು ಮಾಡ್ಕೊಡು" ಎಂದರು.

ಟೀಚರಿಗೆ ಫೋನ್ ಮಾಡಿ ನಡೆದದ್ದನ್ನೇ ಹೇಳಿದೆ.

"ನಮ್ಮಮ್ಮನ ಸೀರೆಗಳಿವೆ. ಉಡೋಕೂ ಆಗ್ತಿಲ್ಲ, ಇಟ್ಕೊಳ್ಳೋಕೂ ಆಗ್ತಿಲ್ಲ. ನಿಮ್ಮ ಕೈಗಾದ್ರೆ ಕೊಡ್ತೀನಿ" ಎಂದರು.

ಅವರ ಹಿಂದೆಯೇ ಗುಂಪೂ ಬಂತು. ಮೊದಲ ವಾರ ಸೀರೆ ಕೊಟ್ಟವರದೇ ಎಂದು ಈಗ ಪ್ರತಿ ಫೋಟೊದ ಕೆಳಗೂ ಹಾಕುತ್ತೇನೆ, ಬೇಕಾದವರು ಕಾಯುತ್ತಾರೆ. ಮಧುಗಿರಿ, ಕೊರಟಗೆರೆ, ಪಾವಗಡದಿಂದಲೂ ಸೀರೆಗಳು ಬರುತ್ತವೆ. ಪಾರ್ಸೆಲ್ ಕಟ್ಟಲು ಇಬ್ಬರು ಹೆಂಗಸರಿದ್ದಾರೆ. ನೆಮ್ಮದಿಯಾಗಿದ್ದೇನೆ, ಆ ನೆಮ್ಮದಿ ಪಾತ್ರೆಯಮ್ಮ ಕೊಟ್ಟದ್ದು.

ಕೊನೆಕೊನೆಗೆ ಅವರ ಜೊತೆ ನಾನೂ ಹಳ್ಳಿಗಳಿಗೆ ಹೋಗುತ್ತಿದ್ದೆ. ಹೋದ ಚಳಿಗಾಲದಲ್ಲಿ ಅವರು ಹೆಚ್ಚು ನರಳದೆ ತೀರಿಕೊಂಡರು. ಆಮೇಲೆ ತಾವರೆಕೆರೆಗೆ ಒಬ್ಬಳೇ ಸ್ಕೂಟರಿನಲ್ಲಿ ಹೊರಟಾಗ, ಅವರಿಲ್ಲದೆ ನನ್ನನ್ನು ನಂಬಿ ಯಾರು ಸೀರೆ ಕೊಡುತ್ತಾರೆ ಎಂಬ ಅಳುಕಿತ್ತು. ಧಾರೆ ಸೀರೆಯ ಅತ್ತೆ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡವರೇ ಒಳಗೆ ಸೊಸೆಯನ್ನು ಕೂಗಿದರು.

"ಲೇ, ಪಾತ್ರೆಯಮ್ಮ ಬಂದವ್ಳೆ, ಬೀರು ತೆಗಿ."

ಕೊಡಲು ನನ್ನ ಕೈಯಲ್ಲಿ ಒಂದು ಸ್ಟೀಲ್ ಲೋಟವೂ ಇರಲಿಲ್ಲ. "ಬಂದೆ ಕಣಮ್ಮ" ಎಂದು ಒಳಗೆ ಹೋದೆ.